ಬಾಣಲೆಯ ಹಳೆ ಎಣ್ಣೆಯಿಂದ ಡೀಸೆಲ್: ಹೊಟೇಲಿಗರು ಗಮನಿಸಬೇಕಾದ ಸಂಗತಿ

ಮುಂಬಯಿ: ಈ ಮಹಾನಗರದಲ್ಲಿ ಹೊಟೇಲು ಉದ್ಯಮವೆಂದರೆ ತುಳು-ಕನ್ನಡಿಗರ ನೆನಪಾಗದೆ ಇರದು. ಬೆಳಗ್ಗಿನ ಮೆದುವಡೆಯಿಂದ ಸಂಜೆಯ ಬಜ್ಜಿ, ಸಮೋಸದವರೆಗೆ ನಮ್ಮವರ ಬಾಣಲೆ ಒಲೆಯಿಂದ ಇಳಿಯುವುದೇ ಅಪರೂಪ. ರಾತ್ರಿ ಉಳಿಯುವ ಕಪ್ಪು ಎಣ್ಣೆ ಡಬ್ಬ ಸೇರುತ್ತದೆ, ಡಬ್ಬ ತುಂಬಿದಾಗ ಯಾರೋ ಬಂದು ಕೊಂಡೊಯ್ಯುತ್ತಾರೆ. ಅದು ಎಲ್ಲಿಗೆ ಹೋಯಿತೆಂದು ಗಲ್ಲಾದಲ್ಲಿ ಕುಳಿತ ಮಾಲಕರು ವಿಚಾರಿಸುವುದು ಕಡಿಮೆ. ವಿಚಾರಿಸದಿದ್ದರೆ ಅದೇ ಎಣ್ಣೆ ರಸ್ತೆ ಬದಿಯ ಇನ್ನೊಂದು ಬಾಣಲೆಗೆ ಬೀಳುವ ಸಂಭವವಿದೆ.

ಮತ್ತೆ ಮತ್ತೆ ಕಾದ ಎಣ್ಣೆಯಲ್ಲಿ ಟಿಪಿಸಿ ಎಂಬ ಹಾನಿಕರ ಅಂಶ ಏರುತ್ತದೆ. ರಕ್ತದೊತ್ತಡ, ಯಕೃತ್ತಿನ ಕಾಯಿಲೆಗಳಿಗೆ ಇದರ ನಂಟಿದೆ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಎಚ್ಚರಿಸಿದೆ. 2018ರ ಜುಲೈ 1ರಿಂದ ಇದು ಶೇ. 25 ಮೀರಿದ ಎಣ್ಣೆಯನ್ನು ಅಡುಗೆಗೆ ಬಳಸುವಂತಿಲ್ಲ. ಕರಿಯಲು ದಿನಕ್ಕೆ 50 ಲೀಟರ್‌ಗಿಂತ ಹೆಚ್ಚು ಎಣ್ಣೆ ಬಳಸುವವರು 2019ರ ಮಾರ್ಚ್ 1ರಿಂದ ಲೆಕ್ಕದ ಪುಸ್ತಕವನ್ನೂ ಇಡಬೇಕು. ಹಳೆ ಎಣ್ಣೆಯನ್ನು ಇಂಧನ ಮಾಡುವವರಿಗೆ ತಲುಪಿಸಲೆಂದೇ ಪ್ರಾಧಿಕಾರವು 2018ರ ಆಗಸ್ಟಿನಲ್ಲಿ 'ರೂಕೋ' ಯೋಜನೆ ಆರಂಭಿಸಿತು. ಮರುವರ್ಷ ಸರಕಾರಿ ತೈಲ ಕಂಪೆನಿಗಳು 100 ನಗರಗಳಲ್ಲಿ ಇಂಥ ಬಯೋಡೀಸೆಲ್ ಖರೀದಿಗೆ ಮುಂದಾದವು. ಮೊದಲ ವರ್ಷಕ್ಕೆ ನಿಗದಿಯಾದ ದರ ಲೀಟರಿಗೆ 51 ರೂಪಾಯಿ.

ಎಣ್ಣೆ ಡೀಸೆಲ್ ಆಗುವುದು ಹೇಗೆ? ಸುಮಾರು 100 ಕಿಲೋ ಎಣ್ಣೆಗೆ 10-11 ಕಿಲೋ ಮೆಥನಾಲ್ ಸೇರಿಸಿ, ಕಾಸ್ಟಿಕ್ ಸೋಡದಂಥ ವೇಗವರ್ಧಕ ಬೆರೆಸಿ ಬಿಸಿ ಮಾಡುತ್ತಾರೆ. ವೇಗವರ್ಧಕವೆಂದರೆ ಮದುವೆ ದಲ್ಲಾಳಿಯ ಹಾಗೆ, ಸಂಬಂಧ ಕುದುರಿಸಿ ತಾನು ಹೊರಗುಳಿಯುತ್ತದೆ. ಗ್ಲಿಸರಿನ್ ಅಡಿಗೆ ಇಳಿದು, ಮೇಲೆ ಬಯೋಡೀಸೆಲ್ ನಿಲ್ಲುತ್ತದೆ. ಆದರೆ ಎಣ್ಣೆ ತೀರಾ ಹಳತಾಗಿ ಆಮ್ಲ ಹೆಚ್ಚಿದ್ದರೆ ದಲ್ಲಾಳಿಯೇ ಸಿಕ್ಕಿಬಿದ್ದು ಸಾಬೂನು ಆಗಿಬಿಡುತ್ತದೆ! ಅಂಥ ಎಣ್ಣೆಯನ್ನು ಮೊದಲು ಸಲ್ಫ್ಯೂರಿಕ್ ಆಮ್ಲದ ನೆರವಿನಿಂದ ಹದಗೊಳಿಸಬೇಕಾಗುತ್ತದೆ.

ಎರಡನೆಯ ವಿಧಾನ ರಿಫೈನರಿಯದು. 300 ಡಿಗ್ರಿಗೂ ಮೀರಿದ ಶಾಖ, ಭಾರೀ ಒತ್ತಡದಲ್ಲಿ ನಿಕಲ್-ಮಾಲಿಬ್ಡಿನಂ ವೇಗವರ್ಧಕದ ಮೇಲೆ ಎಣ್ಣೆಗೆ ಹೈಡ್ರೋಜನ್ ಹಾಯಿಸುತ್ತಾರೆ. ಎಣ್ಣೆಯಲ್ಲಿನ ಆಮ್ಲಜನಕ ನೀರಾಗಿ, ಇಂಗಾಲದ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಉಳಿಯುವುದು ಪಂಪಿನ ಡೀಸೆಲ್‌ನಂಥದೇ ದ್ರವ. ಚಳಿಗೆ ಹೆಪ್ಪುಗಟ್ಟದಿರಲೆಂದು ಮತ್ತೊಂದು ವೇಗವರ್ಧಕದಿಂದ ಅದರ ಅಣುಗಳ ಆಕಾರ ಬದಲಿಸುತ್ತಾರೆ. ಇದೇ ನವೀಕರಿಸಬಹುದಾದ ಡೀಸೆಲ್. ಫಿನ್ಲೆಂಡಿನ ನೆಸ್ಟೆ ಕಂಪೆನಿ 2007ರಲ್ಲಿ ಪೊರ್ವೋ ಎಂಬಲ್ಲಿ ಇದನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿತು. ನಮ್ಮಲ್ಲಿ ಇಂಡಿಯನ್ ಆಯಿಲ್‌ನ ಪಾಣಿಪತ್ ರಿಫೈನರಿಯು ಬಳಸಿದ ಎಣ್ಣೆಯಿಂದ ವಿಮಾನದ ಇಂಧನ ತಯಾರಿಸಲು 2025ರಲ್ಲಿ ಅಂತಾರಾಷ್ಟ್ರೀಯ ಪ್ರಮಾಣಪತ್ರ ಪಡೆಯಿತು.

ದಿನಕ್ಕೆ ನಾಲ್ಕೈದು ಲೀಟರ್ ಕರಿಯುವ ಸಣ್ಣ ಹೊಟೇಲಿಗೆ ಲೆಕ್ಕದ ಪುಸ್ತಕದ ಕಡ್ಡಾಯವಿಲ್ಲ, ಶೇ. 25ರ ಮಿತಿ ಮಾತ್ರ ಎಲ್ಲರಿಗೂ ಒಂದೇ. ಡಬ್ಬ ಒಯ್ಯುವವರು ಪ್ರಾಧಿಕಾರದ ಪಟ್ಟಿಯಲ್ಲಿದ್ದಾರೆಯೇ ಎಂದು ನೋಡಿ, ರಸೀದಿ ಕೇಳುವುದು ಕಷ್ಟದ ಕೆಲಸವೇನಲ್ಲ. ಐದಾರು ಹೊಟೇಲುಗಳು ಸೇರಿ ಒಟ್ಟಿಗೆ ಕೊಟ್ಟರೆ ಅವರಿಗೂ ಬಂದುಹೋಗುವ ಖರ್ಚು ಗಿಟ್ಟುತ್ತದೆ. ನೀರು, ಉಪ್ಪು, ವಡೆಯ ಚೂರು ಮುಂದಿನ ಸಂಸ್ಕರಣೆಗೆ ತೊಡಕು. ಆದುದರಿಂದ ಎಣ್ಣೆ ಆರಿದ ಮೇಲೆ ಸೋಸಿ, ಮುಚ್ಚಳವಿರುವ ಪ್ರತ್ಯೇಕ ಡಬ್ಬದಲ್ಲಿಡುವಂತೆ ಅಡುಗೆಯವರಿಗೆ ಹೇಳಿಡಬೇಕು.