ತಿಳಿನೀರಿನಲ್ಲಿ ಕಾಣದ್ದು

ಊರು ಬಾಳುವೆಗೆ ಹೇಗಿದೆ ಎಂದು ಕೇಳಿದರೆ ಆಸ್ಪತ್ರೆ, ಕಾಲೇಜು, ಬಸ್‌ಸ್ಟ್ಯಾಂಡ್, ಪಾರ್ಕು ಎಂದು ಬೆರಳು ಮಡಿಸಿ ಎಣಿಸುವುದು ರೂಢಿ. ಆ ಎಣಿಕೆಯಲ್ಲಿ ಮಧುಗಿರಿ ಅಷ್ಟೇನೂ ಸೋಲುವುದಿಲ್ಲ. 2011ರ ಜನಗಣತಿಯಲ್ಲಿ 30 ಸಾವಿರದೊಳಗೇ ಇದ್ದ ಈ ಪುರಸಭೆಯ ಊರು ಉಪವಿಭಾಗದ ಕೇಂದ್ರ. ಶಿರಾ, ಕೊರಟಗೆರೆ, ಪಾವಗಡಗಳೂ ಸೇರಿದ ಶೈಕ್ಷಣಿಕ ಜಿಲ್ಲೆಯ ಕೇಂದ್ರವೂ ಹೌದು. ಏಕಶಿಲಾ ಬೆಟ್ಟ, ಕೋಟೆ ಕಣ್ಣೆದುರಿಗೇ ಇವೆ. ತುಮಕೂರು–ರಾಯದುರ್ಗ ರೈಲು ಮಾರ್ಗದ ಕೆಲಸ ಮಾತ್ರ ವರ್ಷಗಟ್ಟಲೆ ಕುಂಟುತ್ತಾ ಬಂದಿದೆ.

ಕಟ್ಟಡ ಎಣಿಸುವುದು ಸುಲಭ. ಅದರ ಬಾಗಿಲು ಯಾವ ಹೊತ್ತಿಗೆ ತೆರೆದಿರುತ್ತದೆ, ಹಳ್ಳಿಯ ಮುದುಕಿಗೆ ಅಲ್ಲಿಗೆ ಬಸ್ಸು ಸಿಗುತ್ತದೆಯೇ, ಸಿಕ್ಕಿದ್ದರ ಗುಣ ಎಂಥದ್ದು ಎಂಬ ಮೂರು ಪ್ರಶ್ನೆ ಕೇಳಿದಾಗಲೇ ಸೌಕರ್ಯದ ಅಳತೆ ಸಿಗುವುದು. ಮೂರನೆಯ ಪ್ರಶ್ನೆಯಲ್ಲಿ ಓದಿದವರೂ ಎಡವುತ್ತಾರೆ. ಅದಕ್ಕೆ ಕುಡಿಯುವ ನೀರಿಗಿಂತ ಒಳ್ಳೆಯ ಉದಾಹರಣೆಯಿಲ್ಲ.

ಈ ಸೀಮೆಯ ನೆಲದಡಿ ಇರುವುದು ಗ್ರಾನೈಟ್, ನೈಸ್ ಬಂಡೆ. ಅದರೊಳಗಿನ ಅಭ್ರಕ, ಅಪಟೈಟ್‌ನಂಥ ಖನಿಜಗಳಲ್ಲಿ ಫ್ಲೋರೈಡ್ ಇರುತ್ತದೆ. ಬಂಡೆಯ ಬಿರುಕಿನಲ್ಲಿ ನೀರು ಹೆಚ್ಚು ಕಾಲ ನಿಂತಷ್ಟೂ ಅದು ಹೆಚ್ಚು ಕರಗುತ್ತದೆ. ನೀರಿನಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸಾಕಷ್ಟಿದ್ದರೆ ಫ್ಲೋರೈಡನ್ನು ಹಿಡಿದು ತಳಕ್ಕೆ ಕೂರಿಸುತ್ತದೆ. ಆದರೆ ಕ್ಷಾರ ಹೆಚ್ಚಿದ ನೀರಿನಲ್ಲಿ ಸುಣ್ಣವೇ ಮೊದಲು ಗಟ್ಟಿಯಾಗಿ ಕೂತುಬಿಡುತ್ತದೆ. ಹಿಡಿಯುವವರಿಲ್ಲದ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಎಷ್ಟು ಸೊಗಸಾದ ರಸಾಯನಶಾಸ್ತ್ರ, ಎಷ್ಟು ಕೆಟ್ಟ ಫಲ! ಮಳೆ ಕಡಿಮೆ, ಬೋರ್ ಆಳ ಎಂಬ ಎರಡೂ ಕೂಡಿರುವ ಪಾವಗಡದಲ್ಲಿ ಈ ತೊಂದರೆ ಹೆಸರುವಾಸಿ. ತಿರುಮಣಿಯ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇರುವ ತಾಲ್ಲೂಕು, ಒಳ್ಳೆಯ ನೀರಿಗೆ ದೂರದ ತುಂಗಭದ್ರಾ ಹಿನ್ನೀರನ್ನು ನೆಚ್ಚಬೇಕಾಗಿದೆ.

ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪಿತ; ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಅದನ್ನು ದಾಟಿದ ನೀರಿಗೂ ಬಣ್ಣವಿಲ್ಲ, ವಾಸನೆಯಿಲ್ಲ.

ಇಲ್ಲಿಂದ ತಪ್ಪು ತಿಳಿವಳಿಕೆಗಳ ಸಾಲು. ಕುದಿಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಕುದಿತಕ್ಕೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಹಾಗೇ ಇರುತ್ತದೆ. ನೀರು ಆವಿಯಾಗುವುದರಿಂದ ಉಳಿದದ್ದರಲ್ಲಿ ಅದರ ಪಾಲು ಕೊಂಚ ಹೆಚ್ಚೇ ಆಗುತ್ತದೆ. ಟಿಡಿಎಸ್ ಮೀಟರ್ ಅದ್ದಿ ನೋಡಿ ಸಮಾಧಾನ ಪಡುವವರಿದ್ದಾರೆ. ಆ ಮೀಟರ್ ತೋರಿಸುವುದು ಕರಗಿದ ಲವಣಗಳ ಒಟ್ಟು ಅಂದಾಜು; ಅದರಲ್ಲಿ ಫ್ಲೋರೈಡ್ ಎಷ್ಟು ಎಂಬುದು ಅದಕ್ಕೆ ತಿಳಿಯದು. ಇನ್ನು ಮಕ್ಕಳ ಹಲ್ಲಿನ ಕಂದು ಗೆರೆ. ಅದನ್ನು ಕಂಡು "ಸರಿಯಾಗಿ ಉಜ್ಜೋದಿಲ್ವಾ?" ಎಂದು ಗದರಿಸುವುದು ದೊಡ್ಡ ಅನ್ಯಾಯ. ಆ ಗುರುತು ಬಿದ್ದದ್ದು ಹಲ್ಲು ಮೂಡುವ ಮೊದಲೇ. ವಸಡಿನೊಳಗೆ ಹಲ್ಲಿನ ಹೊರಪದರ ಕಟ್ಟಿಕೊಳ್ಳುತ್ತಿದ್ದ ವರ್ಷಗಳಲ್ಲಿ ಮಗು ಕುಡಿದ ನೀರೇ ಅದಕ್ಕೆ ಕಾರಣ. ಯಾವ ಪೇಸ್ಟಿನಿಂದ ಉಜ್ಜಿದರೂ ಹೋಗದು.

ಮಧುಗಿರಿ ಪಟ್ಟಣಕ್ಕೆ ನೀರುಣಿಸುವ ಸಿದ್ದಾಪುರ ಕೆರೆಯ ಬೆಲೆ ಇಲ್ಲಿ ತಿಳಿಯುತ್ತದೆ. ಹೇಮಾವತಿಯಿಂದ ಕೆರೆಗೆ ಬರುವ ನೀರಿಗೆ ಆಳದ ಬಂಡೆಯ ದೀರ್ಘ ಸಹವಾಸವಿಲ್ಲ. ಹಳ್ಳಿಗಳಲ್ಲಿ ಒಳ್ಳೆಯ ನೀರು ಕೊಡುವ ಕೆಲಸ ಶುದ್ಧ ಕುಡಿಯುವ ನೀರಿನ ಘಟಕಗಳದ್ದು: ನಾಣ್ಯ ಹಾಕಿ, 20 ಲೀಟರಿನ ಕ್ಯಾನ್ ತುಂಬಿಸಿ, ಬೈಕಿಗೆ ಕಟ್ಟಿಕೊಂಡು ಹೋಗುತ್ತಾರೆ. ಅಲ್ಲಿನ ಆರ್‌ಒ ಪೊರೆ ಫ್ಲೋರೈಡನ್ನು ಬಹುಪಾಲು ತಡೆಯುತ್ತದೆ, ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದರೆ ಮಾತ್ರ. ಉದ್ಘಾಟನೆಯ ಕಲ್ಲಿನ ಪಕ್ಕದಲ್ಲಿ ಪೊರೆ ಬದಲಿಸಿದ ದಿನಾಂಕವನ್ನೂ ಬರೆಸುವುದು ಒಳ್ಳೆಯದು.

ಪರೀಕ್ಷೆ ಕಷ್ಟದ್ದಲ್ಲ. ಫ್ಲೋರೈಡ್ ಕಿಟ್‌ನ ದ್ರಾವಣಕ್ಕೆ ನೀರು ಬೆರೆಸಿದರೆ, ಅದರಲ್ಲಿ ಫ್ಲೋರೈಡ್ ಹೆಚ್ಚಿದ್ದಷ್ಟೂ ಗುಲಾಬಿ ಬಣ್ಣ ಹಳದಿಯತ್ತ ತಿರುಗುತ್ತದೆ. ಬಣ್ಣವನ್ನು ಪಟ್ಟಿಯೊಂದಿಗೆ ಹೋಲಿಸಿದರೆ ಅಂದಾಜು ಸಿಕ್ಕಿತು. ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳ ಹೈಸ್ಕೂಲು ವಿಜ್ಞಾನ ಮೇಷ್ಟ್ರುಗಳು ಮಳೆಗಾಲಕ್ಕೆ ಮೊದಲು ಒಮ್ಮೆ, ಆಮೇಲೆ ಒಮ್ಮೆ ಊರ ಬೋರ್‌ಗಳ ನೀರನ್ನು ಮಕ್ಕಳ ಕೈಯಿಂದಲೇ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ.