ವಿದೇಶದಲ್ಲಿ ಸ್ವಯಂಸೇವೆ ಮುಗಿಸಿ ಬಂದ ಟೀಚರ್ ಕ್ಲಾಸಿನಲ್ಲಿ ಏನು ಹೇಳ್ತಾರೆ?

ಪೀಸ್ ಕೋರ್ ಅಂದ್ರೆ ನಮ್ಮ ಹಿರಿಯರಲ್ಲಿ ಕೆಲವರಿಗೆ ನೆನಪಿರಬಹುದು. ನಮ್ಮದು ಇನ್ನೂ ಮೈಸೂರು ರಾಜ್ಯ ಆಗಿದ್ದಾಗ ಅಮೆರಿಕದಿಂದ ಬಂದು ಇಲ್ಲೇ ಉಳಿದು ಕೆಲಸ ಮಾಡಿದ ಯುವಕ ಯುವತಿಯರ ಸಂಸ್ಥೆ ಅದು. ಭಾರತದಲ್ಲಿ ಅವರ ಕೆಲಸ ಹೆಚ್ಚಾಗಿ ಕೋಳಿ ಸಾಕಣೆ, ಬೇಸಾಯ, ಆರೋಗ್ಯ. ಒಂದಿಷ್ಟು ಕನ್ನಡ ಕಲಿತು ಬಂದವರೂ ಇದ್ರು. 1976ರಲ್ಲಿ ಭಾರತದ ಕಾರ್ಯಕ್ರಮ ನಿಂತಿತು. ವಾಪಸ್ ಹೋದವರಲ್ಲಿ ಎಷ್ಟೋ ಮಂದಿ ಅಲ್ಲಿ ಮೇಷ್ಟ್ರಾದರು. ಅಂದ್ರೆ ನಮ್ಮ ಸಂತೆ, ಕೆರೆ, ಅಂಗಡಿ ಅಮೆರಿಕದ ಯಾವುದೋ ಕ್ಲಾಸಿನಲ್ಲಿ ಪಾಠ ಆಗಿರಬಹುದು. ನಮ್ಮ ಬಗ್ಗೆ ಹೇಗೆ ಹೇಳಿರಬಹುದು ಅನ್ನೋದೇ ಪ್ರಶ್ನೆ.

ಹೇಳೋದು ಕೂಡ ಅವರ ಕೆಲಸದ ಭಾಗವೇ. 1961ರಲ್ಲಿ ಅಧ್ಯಕ್ಷ ಕೆನಡಿ ಶುರು ಮಾಡಿದ ಈ ಸಂಸ್ಥೆಗೆ ಮೂರು ಗುರಿಗಳಿವೆ. ಬೇರೆ ದೇಶಕ್ಕೆ ಕೆಲಸ ಬಲ್ಲವರನ್ನು ಕೊಡೋದು, ಅಲ್ಲಿಯವರಿಗೆ ಅಮೆರಿಕನ್ನರ ಪರಿಚಯ ಮಾಡಿಸೋದು, ಮೂರನೆಯದು ವಾಪಸ್ ಬಂದು ತಮ್ಮವರಿಗೆ ಬೇರೆ ಜನರ ಪರಿಚಯ ಮಾಡಿಸೋದು. ಈ ಮೂರನೆಯದಕ್ಕೆ ಶಾಲೆಗಿಂತ ಒಳ್ಳೆ ಜಾಗ ಎಲ್ಲಿ? 1985ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜು, ಸೇವೆ ಮುಗಿಸಿ ಬಂದವರನ್ನು ನಗರದ ಸರ್ಕಾರಿ ಶಾಲೆಗಳಿಗೆ ಶಿಕ್ಷಕರಾಗಿ ತಯಾರು ಮಾಡಲು ಶುರು ಮಾಡಿತು. 1989ರಲ್ಲಿ ಇನ್ನೊಂದು ಯೋಜನೆ ಬಂತು. ವಿದೇಶದಲ್ಲಿರುವ ಸ್ವಯಂಸೇವಕರಿಗೂ ಊರಿನ ಒಂದು ಕ್ಲಾಸಿಗೂ ಪತ್ರದ ನಂಟು. ಜಪಾನಿನವರು ಇನ್ನೂ ಒಂದು ಹೆಜ್ಜೆ ಮುಂದೆ: ಕೆಲಸದಲ್ಲಿರುವ ಶಿಕ್ಷಕರೇ ಹುದ್ದೆ ಬಿಡದೆ ಎರಡು ವರ್ಷ ಹೊರಗೆ ಸೇವೆ ಮಾಡಿ ಬರೋಕೆ 2001ರಲ್ಲಿ ಪ್ರತ್ಯೇಕ ವ್ಯವಸ್ಥೆ ಮಾಡಿದರು.

ಎಡವಟ್ಟಾಗೋದು ಕ್ಲಾಸಿನೊಳಗೆ. ಟೀಚರ್ ಬರಿಗಾಲಿನ ಮಗುವಿನ ಫೋಟೊ ತೋರಿಸಿದ್ರೆ ಮಕ್ಕಳು "ಅಯ್ಯೋ ಪಾಪ" ಅಂತಾರೆ, ಬೆಲ್ ಹೊಡೆಯುತ್ತೆ, ಪಾಠ ಮುಗೀತು. ಆ ಮಗುವಿನ ಅಪ್ಪ ಏನು ಬೆಳೀತಾನೆ, ಯಾವ ಭಾಷೆ ಮಾತಾಡ್ತಾನೆ, ಯಾವುದಕ್ಕೆ ನಗ್ತಾನೆ, ಒಂದೂ ಗೊತ್ತಾಗಲ್ಲ. ಆ ಫೋಟೊ ನಮ್ಮನೆ ಮಗುವಿನದಾಗಿದ್ರೆ ನಮಗೆ ಹೇಗನಿಸುತ್ತೆ?

ಚೆನ್ನಾಗಿ ಮಾಡೋದು ಕಷ್ಟ ಏನಲ್ಲ. ನೀರನ್ನೇ ತಗೊಳ್ಳಿ. ಅಮೆರಿಕದಲ್ಲಿ ಒಬ್ಬರು ಮನೆಯಲ್ಲಿ ದಿನಕ್ಕೆ ಸುಮಾರು 300 ಲೀಟರ್ ಬಳಸ್ತಾರೆ. ನಾವು ಅಂಗಡಿಗೆ ಹಾಕಿಸೋ 20 ಲೀಟರಿನ ಕ್ಯಾನ್ ಲೆಕ್ಕದಲ್ಲಿ 15 ಕ್ಯಾನ್. ನಾಲ್ಕು ಜನರ ಮನೆಗೆ 60. ನಮ್ಮ ಜಲಜೀವನ್ ಮಿಷನ್ ಹಳ್ಳಿಗಳಿಗೆ ಇಟ್ಟುಕೊಂಡಿರೋ ಲೆಕ್ಕ ತಲಾ 55 ಲೀಟರ್, ಮೂರು ಕ್ಯಾನೂ ಆಗಲ್ಲ. ಒಂದು ಕ್ಯಾನ್ ಎತ್ತಿಕೊಂಡು ವರಾಂಡದ ಆ ತುದಿಗೆ ಹೋಗಿ ಬಾ ಅಂದ್ರೆ ಸಾಕು, ನೀರು ಹೊರುವ ಹೆಂಗಸಿನ ಬಗ್ಗೆ ಹುಡುಗನಿಗೆ ಕನಿಕರ ಹೋಗಿ ಗೌರವ ಬರುತ್ತೆ. ತನ್ನ ಮನೆ ನಲ್ಲಿ ಬಗ್ಗೆ ಪ್ರಶ್ನೆಯೂ ಬರುತ್ತೆ.

ಅಂಗಡಿಯವರ ಉದ್ರಿ ಪುಸ್ತಕವೂ ಹಾಗೇ. ಸಹಿ ಇಲ್ಲ, ಬ್ಯಾಂಕ್ ಇಲ್ಲ, ಆದ್ರೂ ರಾಗಿ ಮಾರಿದ ಮೇಲೆ ದುಡ್ಡು ಬರುತ್ತೆ. ಈ ನಂಬಿಕೆ ಹೇಗೆ ನಡೆಯುತ್ತೆ ಅನ್ನೋದು ಯಾವ ದೇಶದ ಮಕ್ಕಳಿಗೂ ಒಳ್ಳೆ ಗಣಿತ. ವಿದೇಶದಿಂದ ಬಂದ ಸ್ವಯಂಸೇವಕ ಇದನ್ನು ಕಂಡಿದ್ದಾನೋ ಇಲ್ಲವೋ ಅನ್ನೋದರ ಮೇಲೆ ಅವನ ಪಾಠದ ತೂಕ ಗೊತ್ತಾಗುತ್ತೆ.

ನಮ್ಮಲ್ಲಿ ಇಂಥ ಯೋಜನೆಗೆ ಕಾಯಬೇಕಿಲ್ಲ. ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ಕಾಂಗೋ, ದಕ್ಷಿಣ ಸುಡಾನ್ ಕಡೆ ಇದ್ದು ಬಂದ ಭಾರತೀಯ ಸೈನಿಕರು ಬಹಳ ಮಂದಿ. ನಿಮ್ಮ ಕಡೆ ಅಂಥ ಮಾಜಿ ಸೈನಿಕರಿದ್ರೆ, ಗಲ್ಫ್‌ನಲ್ಲಿ ದುಡಿದು ಬಂದವರಿದ್ರೆ, ಎಸ್‌ಡಿಎಂಸಿಯವರು ಒಂದು ಶನಿವಾರ ಶಾಲೆಗೆ ಕರೀಬಹುದು. ಭಾಷಣ ಬೇಡ ಅಂತ ಮೊದಲೇ ಹೇಳಿಬಿಡಿ. ಅಲ್ಲಿಯ ಒಂದು ನೋಟು, ಬಸ್ ಟಿಕೆಟ್, ಅಡುಗೆಯ ಒಂದು ಸಾಮಾನು ತಂದರೆ ಸಾಕು. ನೀವು ಅವರಿಗೆ ಏನು ಕೊಟ್ಟಿರಿ ಅನ್ನೋದಕ್ಕಿಂತ ಅವರ ಹತ್ತಿರ ಏನು ಕಲಿತಿರಿ ಅನ್ನೋ ಪ್ರಶ್ನೆಯನ್ನು ಮಕ್ಕಳ ಕೈಲೇ ಕೇಳಿಸಿ.