ಮಾದಕದ್ರವ್ಯಗಳ ಬೆರಕೆಯೂ ಅಯಾನುಗಳ ಚಲನವೂ

ಪರೀಕ್ಷೆಗೆ ಬರುವ ಮಾದಕದ್ರವ್ಯದ ಪುಡಿಯು ಶುದ್ಧವಾಗಿರುವುದು ಅಪೂರ್ವ. ಉತ್ತರ ಅಮೆರಿಕದಲ್ಲಿ ಫೆಂಟನಿಲ್, ಅದರ ಸಜಾತೀಯ ವಸ್ತುಗಳು, ಕೆಫೀನ್, ಪಶುವೈದ್ಯದ ಔಷಧವಾದ ಜೈಲಜೀನ್ ಇವು ಒಂದೇ ಪೊಟ್ಟಣದಲ್ಲಿ ಬೆರೆತಿರುವುದುಂಟು. ಯಾವುದು ಇದೆಯೆಂಬುದರ ಮೇಲೆ ಆರೋಪಿಯ ಶಿಕ್ಷೆಯೂ ರೋಗಿಯ ಚಿಕಿತ್ಸೆಯೂ ನಿಂತಿವೆ. ನಲಾಕ್ಸೋನ್ ಫೆಂಟನಿಲ್‌ನ ವಿಷವನ್ನು ಇಳಿಸಬಲ್ಲುದು, ಜೈಲಜೀನ್‌ನದನ್ನು ಇಳಿಸಲಾರದು.

ಜೆ. ಜೆ. ಥಾಮ್ಸನ್ನನ ಪ್ರಯೋಗಗಳಿಂದ ಹುಟ್ಟಿ, 1919ರಲ್ಲಿ ಆಸ್ಟನ್ನನ ಕೈಯಲ್ಲಿ ರೂಪುಗೊಂಡ ದ್ರವ್ಯರಾಶಿ ರೋಹಿತಮಾಪಕವು, ವಿದ್ಯುದಂಶ ಪಡೆದ ಅಣುವನ್ನು, ಎಂದರೆ ಅಯಾನನ್ನು, ತೂಗುತ್ತದೆ. ಅದರ ಆಕಾರವನ್ನು ಹೇಳದು. ಸೈಕ್ಲೊಪ್ರೊಪೈಲ್ ಫೆಂಟನಿಲ್, ಕ್ರೋಟೊನೈಲ್ ಫೆಂಟನಿಲ್ ಇವೆರಡರ ಅಣುಸೂತ್ರವೂ ಒಂದೇ. ಪ್ರೋಟಾನು ಸೇರಿದರೆ ಎರಡೂ 349ರಲ್ಲಿಯೇ ಕಾಣುವುವು. ಒಡೆದು ನೋಡಿದರೂ 188, 105 ಎಂಬ ಅವೇ ಚೂರುಗಳು. ಫೆಂಟನಿಲ್‌ನಿಂದಲೂ ಅವೇ ಬರುವುವು. ಬೆರಕೆಯಲ್ಲಿ ಯಾವ ಚೂರು ಯಾವುದರ ಸಂತಾನವೆಂದು ಹೇಗೆ ತಿಳಿಯತಕ್ಕದ್ದು?

ಇಲ್ಲಿ ಅಯಾನುಗಳ ಚಲನವು ನೆರವಿಗೆ ಬರುತ್ತದೆ. ಹೀಲಿಯಂ ಇಲ್ಲವೆ ಸಾರಜನಕ ತುಂಬಿದ ಕೊಳವೆಯಲ್ಲಿ ವಿದ್ಯುತ್‌ಕ್ಷೇತ್ರವು ಅಯಾನುಗಳನ್ನು ಎಳೆಯುತ್ತದೆ. ಅನಿಲದ ಅಣುಗಳು ಅಡ್ಡವಾಗುತ್ತವೆ. ಸಂತೆಯ ಸಂದಣಿಯಲ್ಲಿ ಕೊಡೆಯನ್ನು ಬಿಚ್ಚಿಕೊಂಡವನು ಮಡಿಸಿಕೊಂಡವನಿಗಿಂತ ತಡವಾಗಿ ದಾಟುವನಷ್ಟೆ. ಇಬ್ಬರ ಹೊರೆಯೂ ಒಂದೇ. ಹಾಗೆಯೇ ಹರಡಿದ ಮೈಯುಳ್ಳ ಅಯಾನು ಹಿಂದೆ ಬೀಳುತ್ತದೆ. ಈ ಪಯಣಕ್ಕೆ ಸೆಕೆಂಡಿನ ಸಾವಿರದ ಒಂದು ಪಾಲಿನಂಥವು ಕೆಲವು ಹತ್ತುಗಳು ಬೇಕು. ಹಾರಾಟದ ಕಾಲದಿಂದ ತೂಗುವ ರೋಹಿತಮಾಪಕಕ್ಕಾದರೋ ಅದರ ಸಾವಿರದ ಒಂದು ಪಾಲು ಸಾಕು. ಆದಕಾರಣ ಒಂದು ಪಯಣದೊಳಗೆ ನೂರಾರು ಸಲ ತೂಗಬಹುದು.

ಬೆರಕೆಯ ವಿಷಯದಲ್ಲಿ ನಿಜವಾದ ಲಾಭವೆಂದರೆ, ಕೊಳವೆಯನ್ನು ದಾಟಿದ ಬಳಿಕ ಅಯಾನನ್ನು ಒಡೆಯುವುದು. ಚೂರುಗಳು ತಾಯಿಯ ಕಾಲದಲ್ಲಿಯೇ ಗೋಚರಿಸುವುವು. ಆಗ ಒಂದು 188 ಫೆಂಟನಿಲ್‌ನೊಡನೆ, ಇನ್ನೊಂದು ಅದರ ಸಜಾತೀಯದೊಡನೆ ನಿಲ್ಲುತ್ತದೆ. ತಾಯಂದಿರಿಬ್ಬರೂ ಒಂದೇ ಕಾಲಕ್ಕೆ ಹೊರಬಂದರೆ ಮಾತ್ರ ಈ ಯುಕ್ತಿ ನಡೆಯದು.

ಹಾಗೆ ನಡೆಯದ ಪ್ರಸಂಗಗಳು ಕಡಮೆಯಲ್ಲ. ಆರ್ಥೊ, ಮೆಟಾ, ಪ್ಯಾರಾ ಫ್ಲೂರೊಫೆಂಟನಿಲ್‌ಗಳಲ್ಲಿ ಒಂದು ಫ್ಲೋರಿನ್ ಪರಮಾಣುವಿನ ಸ್ಥಾನವಷ್ಟೇ ಬೇರೆ. ಮೈಯಳತೆಯ ಅಂತರ ಅತ್ಯಲ್ಪ. ಪ್ರೋಟಾನಿಗೆ ಬದಲಾಗಿ ಲೋಹದ ಅಯಾನನ್ನು ಕೂಡಿಸಿ, ಅಥವಾ ವರ್ತುಲಾಕಾರದ ಕೊಳವೆಯಲ್ಲಿ ಹಲವು ಸುತ್ತು ಓಡಿಸಿ, ಈ ಅಂತರವನ್ನು ಹಿಗ್ಗಿಸುವ ಯತ್ನಗಳು ನಡೆದಿವೆ. ಮೊದಲನೆಯದು ಅಗ್ಗವಾದುದರಿಂದ ಹೆಚ್ಚು ಗಮನಾರ್ಹ. ಹೇಗಾದರೂ, ಶುದ್ಧಮಾದರಿಯನ್ನು ಅದೇ ಯಂತ್ರದಲ್ಲಿ ಓಡಿಸಿ ಹೋಲಿಸದೆ ಹೆಸರು ಹೇಳುವುದು ಸಾಹಸವೇ ಸರಿ.

ಇನ್ನೊಂದು ತೊಡಕು ಕೊಳವೆಗೂ ಮುಂಚಿನದು. ಬೆರಕೆಯಲ್ಲಿ ಪ್ರೋಟಾನಿಗಾಗಿ ಪೈಪೋಟಿಯುಂಟು. ಹೇರಳವಾದ ಅಥವಾ ಹೆಚ್ಚು ಕ್ಷಾರಗುಣವುಳ್ಳ ವಸ್ತುವು ಅದನ್ನು ಕಸಿದುಕೊಂಡರೆ, ಉಳಿದುದು ಅಯಾನಾಗದೆ ಯಂತ್ರದ ಕಣ್ಣಿಗೇ ಬೀಳದು. ಅದರಿಂದಲೇ ಪುಡಿಯನ್ನು ಮೊದಲು ಕ್ರೊಮ್ಯಾಟೊಗ್ರಫಿಯಿಂದ ಬೇರ್ಪಡಿಸುವ ಹಳೆಯ ಕ್ರಮವನ್ನು ಪ್ರಯೋಗಶಾಲೆಗಳು ಬಿಟ್ಟಿಲ್ಲ.